ಬಿಳಿ ಬಣ್ಣ ಕೊಟ್ಟ ಟಿಪ್ಪಣಿಗಳು

ಎರಡು ಸಾವಿರದ ಆಸುಪಾಸಿನಲ್ಲಿ ವಾಡಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದೆ. ಪ್ರೋಗ್ರಾಂ ಬರೆಯುವ ಎಡಿಟರಿನಲ್ಲಿ ಬಣ್ಣ ಹೊಂದಿಸುವುದು ನನಗೊಂದು ಹುಚ್ಚು. ಸಿ ಭಾಷೆಯ ಫೈಲಿಗೆ ನೀಲಿ, ವೆಬ್ ಪುಟದ ಫೈಲಿಗೆ ಕಂದು, ಬ್ಯಾಚ್ ಫೈಲಿಗೆ ಹಸಿರು. ಸೀರೆಗೆ ಒಪ್ಪುವ ಕುಬಸ ಹುಡುಕಿದ ಹಾಗೆ ಕೂತು ಹುಡುಕುತ್ತಿದ್ದೆ.

ಪಾಠದ ಪ್ರೋಗ್ರಾಂ ಬರೆಯುತ್ತಿದ್ದವರು ಚಿತ್ತಾಪುರದಿಂದ ರೈಲಿಗೆ ಬರುತ್ತಿದ್ದ ಹಿರಿಯ ಸರ್. ತಮ್ಮ ಕಂಪ್ಯೂಟರಿನಲ್ಲಿ ಬರೆದು ಫ್ಲಾಪಿ ಕೊಡುವರು, ನಾನು ನನ್ನದರಲ್ಲಿ ಓಡಿಸಿ ನೋಡಬೇಕು. ಅವರಿಗೆ ಸಾಲಿಗೊಂದು ಟಿಪ್ಪಣಿ ಬರೆಯುವ ಚಟ. ಟಿಪ್ಪಣಿ ಓದುವವರಿಗಷ್ಟೇ, ಕಂಪ್ಯೂಟರ್ ಅದನ್ನು ದಾಟಿ ಹೋಗುತ್ತದೆ. ಇಲ್ಲಿ ಲೂಪ್ ಶುರು, ಇಲ್ಲಿ ಲೂಪ್ ಮುಗೀತು! ತಲೆಕೆಟ್ಟು ಒಂದು ದಿನ ಎಲ್ಲ ಬಗೆಯ ಫೈಲಿನ ಟಿಪ್ಪಣಿಗೂ ಬಿಳಿ ಬಣ್ಣ ಕೊಟ್ಟೆ. ಬಿಳಿ ಪರದೆಯ ಮೇಲೆ ಬಿಳಿ ಅಕ್ಷರ. ಪೀಡೆ ತೊಲಗಿತು ಅನಿಸಿತು.

ಕೆಲವು ತಿಂಗಳಾದ ಮೇಲೆ ಸರ್ ಬರೆದದ್ದರಲ್ಲಿ ತಪ್ಪುಗಳು ಹೆಚ್ಚತೊಡಗಿದವು. ಎಂಟು ಇರಬೇಕಾದಲ್ಲಿ ಮೂರು, ಅಲ್ಪವಿರಾಮದ ಜಾಗದಲ್ಲಿ ಚುಕ್ಕೆ. ಗೊಣಗುತ್ತಲೇ ತಿದ್ದಿದೆ. ಕೊನೆಗೆ ಮಾಲೀಕರ ಕಿವಿಗೂ ಹಾಕಿದೆ.

"ಹಂಗಾದ್ರ ಅವರಿಗೆ ಸೋಮವಾರದಿಂದ ಬರಬ್ಯಾಡ್ರಿ ಅಂತ ಹೇಳ್ತೀನಿ," ಎಂದರು ಅವರು.

ಶನಿವಾರ ಸರ್ ಕೊಟ್ಟ ಫೈಲೊಂದನ್ನು ನಕಲು ಮಾಡಲು ಪೂರ್ತಿ ಆಯ್ದುಕೊಂಡೆ. ಆಯ್ದ ಭಾಗದ ಹಿನ್ನೆಲೆ ಕಡುನೀಲಿಯಾಗಿ, ಬಿಳಿ ಅಕ್ಷರಗಳು ಎದ್ದು ಕಂಡವು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ: "ಮೇಡಂ, ನಿನ್ನೆ ಕೊಟ್ಟಿದ್ದು ತಿದ್ದೀರಿ, ಭಾಳ ಉಪಕಾರ ಆತು. ನಿಮ್ಮ ಧೈರ್ಯದ ಮ್ಯಾಲೆ ಬರಾಕತ್ತೀನಿ." ಗಾಬರಿಯಾಗಿ ಹಳೆಯ ಫೈಲುಗಳನ್ನು ತೆರೆದೆ. ತಿಂಗಳ ಹಿಂದಿನದರಲ್ಲಿತ್ತು: "ಕಣ್ಣು ಮಂಜಾಗ್ಯಾವ. ಈ ಸಾಲು ಒಮ್ಮೆ ನೋಡ್ರಿ. ಮಾಲಕರಿಗಿ ಹೇಳಬ್ಯಾಡ್ರಿ."

ನನ್ನ ಮೇಲೆ ನನಗೇ ಹೇಸಿಕೆ ಬಂತು. ನೆಟ್ಟಗೆ ಮಾಲೀಕರ ಹತ್ತಿರ ಹೋಗಿ, "ತಪ್ಪು ನಂದರಿ. ಸರ್ ಬರೆದದ್ದು ಅರ್ಧ ಕಾಣದಂಗ ನಾನೇ ಬಣ್ಣ ಬದಲಿ ಮಾಡಿದ್ದೆ. ಅವರನ್ನ ಬಿಡಸಬ್ಯಾಡ್ರಿ," ಎಂದೆ. ಕಣ್ಣಿನ ಮಾತು ಎತ್ತಲಿಲ್ಲ. ಹೊಟ್ಟೆ ತುಂಬ ಬೈಸಿಕೊಂಡೆ, ಸರ್ ಉಳಿದರು.

ಸೋಮವಾರ ಅವರು ಬರುವ ಮೊದಲೇ ಅವರ ಎಡಿಟರಿನ ಎಲ್ಲ ಫೈಲುಗಳಿಗೂ ಕಪ್ಪು ನೆಲ, ದಪ್ಪ ಹಳದಿ ಅಕ್ಷರ ಕೊಟ್ಟೆ. ಸರ್ ಬಂದು ಕೂತು, ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನ ಓದಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನನ್ನ ಟಿಪ್ಪಣಿ ನೀವು ದಿನಾ ಓದತೀರಿ ಅಂತ ಗೊತ್ತಿತ್ತು ಮೇಡಂ. ಅದಕ್ಕೇ ಬಾಯಿಬಿಟ್ಟು ಕೇಳಲಿಲ್ಲ."

ಹೂಂ ಎಂದೆ. ಓದಿದ್ದು ಯಾವತ್ತು ಎಂದು ಮಾತ್ರ ಹೇಳಲಾಗಲಿಲ್ಲ.