ಮಲ್ಲಿಯ ಮೂಗು ಒರೆಸಿದ ಭಾವ

ಮದುವೆಗೆ ವಾರವೂ ಉಳಿದಿರಲಿಲ್ಲ. ಗಂಡು ಏರಬೇಕಾದ ಕುದುರೆ ಕೆಮ್ಮತೊಡಗಿತು!

ಭದ್ರಾವತಿಯ ಜನ್ನಾಪುರದಲ್ಲಿ ನಮ್ಮ ಭಾವ ಒಂದು ಬಿಳಿ ಕುದುರೆ ಸಾಕಿದ್ದಾರೆ. ಹೆಸರು ಮಲ್ಲಿ. ಮದುವೆ ಮೆರವಣಿಗೆಗೆ ಹೋಗುತ್ತಾಳೆ. (ಅಕ್ಕನ ಸವತಿ ಎಂದು ನಾವು ರೇಗಿಸುತ್ತೇವೆ. ಅಕ್ಕ ಇದುವರೆಗೆ ನಕ್ಕಿದ್ದನ್ನು ನೋಡಿಲ್ಲ.) ಈ ಸಲ ಶಿವಮೊಗ್ಗದ ಗೋಪಾಳದ ಒಂದು ಮನೆಯಲ್ಲಿ ಅಣ್ಣ ತಮ್ಮ ಇಬ್ಬರಿಗೂ ಒಟ್ಟಿಗೆ ಮದುವೆ. ಹಾಗಾಗಿ ಕುಂಸಿಯಿಂದ ಇನ್ನೊಂದು ಕುದುರೆಯೂ ಬರುವುದಿತ್ತು.

ಕುದುರೆಗಳಿಗೂ ಫ್ಲೂ ಬರುತ್ತದೆ, ಒಂದರಿಂದ ಒಂದಕ್ಕೆ ಬೇಗ ಅಂಟುತ್ತದೆ ಎಂದು ನನಗೆ ಗೊತ್ತಾಗಿದ್ದೇ ಆಗ. ಪಶು ಆಸ್ಪತ್ರೆಯ ಡಾಕ್ಟರಮ್ಮ ಬಂದರು. ಮೂಗಿಗೆ ಹತ್ತಿಕಡ್ಡಿ ಹಾಕಿ, ಕಿಟ್‌ನಲ್ಲಿ ಪರೀಕ್ಷೆ ಮಾಡಿದರು. ನೆಗೆಟಿವ್!

"ನಾನು ಹೇಳ್ಲಿಲ್ವಾ ಮಾರಾಯ್ತಿ? ನಮ್ಮ ಹುಡುಗಿಗೆ ಏನೂ ಆಗಿಲ್ಲ" ಎಂದು ಭಾವ ನನ್ನ ಕಡೆ ತಿರುಗಿ ಬೀಗಿದರು.

ಡಾಕ್ಟರಮ್ಮ ನಗಲಿಲ್ಲ. "ಪಾಸಿಟಿವ್ ಬಂದ್ರೆ ಹೆಚ್ಚುಕಮ್ಮಿ ನಂಬಬಹುದು ಸರ್. ನೆಗೆಟಿವ್ ಅಂದ್ರೆ ಕಾಯಿಲೆ ಇಲ್ಲ ಅಂತಲ್ಲ, ಕಿಟ್‌ಗೆ ಸಿಕ್ಕಿಲ್ಲ ಅಂತ ಅಷ್ಟೇ. ಜ್ವರ ಇದೆ, ಕೆಮ್ಮಿದೆ, ಮೂಗು ಮಾತ್ರ ಹೇಗೆ ಇಷ್ಟು ಕ್ಲೀನು?"

ಭಾವನ ಮುಖ ಅರಳಿತು. "ನೀವು ಬರ್ತೀರಿ ಅಂತ ಬಿಸಿನೀರಲ್ಲಿ ತೊಳೆದು ಒರೆಸಿದ್ದೆ ಮೇಡಂ. ಸೋರೋ ಮೂಗಲ್ಲಿ ಡಾಕ್ಟರ್ ಮುಂದೆ ನಿಲ್ಲಿಸೋಕಾಗುತ್ತಾ?"

ಹಣೆಗೆ ಕುಂಕುಮ ಬೇರೆ! ಪರೀಕ್ಷೆಗೆ ಬೇಕಾದ ಸಿಂಬಳವೇ ಬಚ್ಚಲ ಪಾಲಾಗಿತ್ತು.

ನಗು ಬಂತು. ಆದರೆ ನಾವೇನು ಕಡಿಮೆ? ಶುಗರ್ ಟೆಸ್ಟ್ ಇದೆ ಅಂತ ಹಿಂದಿನ ವಾರ ಜಿಲೇಬಿ ಬಿಡುವವರು, ಡೆಂಟಿಸ್ಟ್ ಹತ್ತಿರ ಹೋಗುವ ದಿನ ಮಾತ್ರ ತಿಕ್ಕಿ ತಿಕ್ಕಿ ಹಲ್ಲುಜ್ಜುವವರು ಎಲ್ಲರ ಮನೆಯಲ್ಲೂ ಇಲ್ಲವೇ?

ಮರುದಿನ ತೊಳೆಯದ ಮೂಗಿನ ಆಳದಿಂದ ಮತ್ತೆ ಸ್ಯಾಂಪಲ್ ತೆಗೆದು ಲ್ಯಾಬ್‌ಗೆ ಕಳಿಸಿದರು. ಅಲ್ಲಿ ಮಾಡುವ ಪಿಸಿಆರ್ ಟೆಸ್ಟ್ ಕಿಟ್‌ಗಿಂತ ಸೂಕ್ಷ್ಮವಂತೆ. ಮದುವೆಯ ಹಿಂದಿನ ದಿನ ಉತ್ತರ ಬಂತು. ಪಾಸಿಟಿವ್.

ಮಲ್ಲಿ ಮನೆಯಲ್ಲೇ ಉಳಿದಳು. ಮದುವೆ ಗಂಡುಗಳಲ್ಲಿ ತಮ್ಮ ಕುಂಸಿಯ ಕುದುರೆ ಏರಿದ, ಅಣ್ಣ ಹೂವಿನ ಜೀಪ್ ಏರಿದ. ಫ್ಲೂ ಅಂಟದೆ ಆ ಕುದುರೆ ಬಚಾವಾಯಿತು.

ಭಾವ ಮದುವೆಗೆ ಹೋಗಲೇ ಇಲ್ಲ. ಡಾಕ್ಟರಮ್ಮ ಮತ್ತೆ ನೋಡಲು ಬರುವವರಿದ್ದರು. ನಾನು ಹೋದಾಗ ಮಲ್ಲಿಯ ಪಕ್ಕ ಕೂತಿದ್ದರು. ಅವಳ ಮೂಗು ಧಾರಾಳವಾಗಿ ಸೋರುತ್ತಿತ್ತು. ಹೆಗಲ ಮೇಲಿನ ಟವೆಲ್‌ಗೆ ಹೋದ ಭಾವನ ಕೈ ಅಲ್ಲೇ ನಿಂತಿತು. ಒರೆಸಲಿಲ್ಲ. ಪಾಪ, ಅವರ ಸಂಕಟ ನೋಡಿ ನನ್ನ ಕಣ್ಣು ತುಂಬಿ ಬಂತು.

ಡಾಕ್ಟರ ಮುಂದೆ ಸೋರುವ ಮೂಗಿನಲ್ಲೇ ನಿಲ್ಲುವ ಧೈರ್ಯ ನಮ್ಮಲ್ಲಿ ಎಷ್ಟು ಜನಕ್ಕಿದೆ, ಹೇಳಿ?