ನಾನು ಬೇಡ ಅಂದಿರಲಿಲ್ಲ

ಬಾಬು, ನಿನ್ನ ಹೆಂಡತಿಗೆ ನಾನು ಸುಳ್ಳು ಹೇಳಿದೆ. ಆ ಬಂಡೆಗೆ ಹೋಗಬೇಡ ಎಂದರೂ ನೀನು ಕೇಳಲಿಲ್ಲ ಎಂದೆ. ಅಲ್ಲಿಗೆ ಕರೆದೊಯ್ದು ಮಲಗಿಸಿದವನು ನಾನೇ.

ಎಪ್ಪತ್ತರ ದಶಕದ ಆ ಬೇಸಿಗೆಯಲ್ಲಿ ಕಡಲು ನೋಡುವ ಹುಚ್ಚು ಹಿಡಿದದ್ದೂ ನನಗೇ. ಶಿರಾಳಕೊಪ್ಪದಲ್ಲಿ ನನ್ನ ಬಟ್ಟೆ ಅಂಗಡಿ, ಅದರ ಜಗುಲಿಯ ಮೇಲೆ ನಿನ್ನ ಹೊಲಿಗೆ ಮಷೀನು — ಅದರಾಚೆಯ ಪ್ರಪಂಚ ಇಬ್ಬರಿಗೂ ಗೊತ್ತಿರಲಿಲ್ಲ. ಫಾತಿಮಾ ಬಸುರಿ, ಬರುವುದಿಲ್ಲ ಎಂದೆ ನೀನು. ಹೆರಿಗೆ ನೀನು ಮಾಡಿಸುತ್ತೀಯೇನು ಎಂದು ರೇಗಿಸಿ ಎಳೆದುಕೊಂಡು ಹೋದೆ. ಘಟ್ಟ ಇಳಿದು, ಬಂದರಿನಲ್ಲಿ ಹೆಂಚು ಸಾಗಿಸುವ ಹಾಯಿಹಡಗಿನವರನ್ನು ಕಾಡಿ ಬೇಡಿ ಹತ್ತಿದೆವು. ದಂಡೆಗುಂಟ ಸಾಗುತ್ತ, ಕುಡಿಯುವ ನೀರು ತುಂಬಿಸಲೆಂದು ಅವರು ಒಂದು ಸಣ್ಣ ಮೀನುಗಾರರ ಊರಿನಲ್ಲಿ ನಿಲ್ಲಿಸಿದರು.

ನೀನು ವಾಂತಿ ಮಾಡಿಕೊಂಡು ಹಣ್ಣಾಗಿದ್ದೆ. ನನಗೋ ಒಣಮೀನಿನ ವಾಸನೆಯ ನಡುವೆ ಊಟ ಸೇರುವಂತಿರಲಿಲ್ಲ. ಗುಡ್ಡದ ಮೇಲೆ ಸಸ್ಯಾಹಾರದ ಖಾನಾವಳಿ ಇದೆಯೆಂದರು. ಮರಳಿನ ಮೇಲೆ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಚಪ್ಪಟೆ ಬಂಡೆಯೊಂದಿತ್ತು, ಗಾಳಿ ಚೆನ್ನಾಗಿತ್ತು. ಅಲ್ಲಿ ನಿನ್ನನ್ನು ಮಲಗಿಸಿದೆ.

"ನೀರು ಇಲ್ಲೀತನಕ ಬರ್ತದೇನೋ?" ಎಂದು ಕೇಳಿದೆ ನೀನು.

"ನಮ್ಮ ಅಂಬ್ಲಿಗೊಳದ ಕೆರಿಯಾಗ ಮಳಿ ಇಲ್ದೆ ನೀರು ಏರಿದ್ದು ಕಂಡೀಯೇನೋ? ಸುಮ್ನೆ ಮಲಗು."

ನಿನಗೆ ಗೊತ್ತಿಲ್ಲದ್ದು ಒಂದಿದೆ. ಇಳಿಯುವಾಗಲೇ ಹಡಗಿನ ಯಜಮಾನ ನನ್ನನ್ನು ಕರೆದು, ಮಧ್ಯಾಹ್ನದ ಮೇಲೆ ನೀರು ಏರುತ್ತದೆ, ಬಂಡೆಯ ಕಡೆ ಹೋಗಬೇಡಿ ಎಂದಿದ್ದ. ಕೆರೆ ಕಂಡ ಬುದ್ಧಿ ನನ್ನದು — ಮೋಡವೇ ಇಲ್ಲದ ದಿನ ನೀರು ಹೇಗೆ ಏರೀತು ಎಂದು ಮನಸ್ಸಿನಲ್ಲೇ ನಕ್ಕೆ. ನಿನಗೆ ಈಜು ಬಾರದು. ಅದೂ ನನಗೆ ಗೊತ್ತಿತ್ತು. ಗುಡ್ಡ ಹತ್ತಿ ಉಂಡು, ಮರದ ನೆರಳಲ್ಲಿ ಒಂದು ನಿದ್ದೆಯನ್ನೂ ತೆಗೆದೆ. ಇಳಿದು ಬಂದಾಗ ಮರಳೂ ಕಾಣಲಿಲ್ಲ, ಬಂಡೆಯೂ ಕಾಣಲಿಲ್ಲ. ಸಂಜೆಗೆ ಬೆಸ್ತರು ನಿನ್ನ ಹೆಣವನ್ನು ದಡಕ್ಕೆ ತಂದರು.

ಮನೆಗೆ ತಂದಾಗ ಫಾತಿಮಾ ಅಳಲಿಲ್ಲ. ಏನಾಯಿತು ಅಣ್ಣಾ ಎಂದಳು. ಬಾಯಿಗೆ ಬಂದದ್ದು — "ನಾ ಬ್ಯಾಡ ಅಂದೆ ತಂಗಿ, ಅವ ಕೇಳಲಿಲ್ಲ."

ನಿಕಾಹದಲ್ಲಿ ಗಂಡ ಕೊಡುತ್ತೇನೆಂದು ಒಪ್ಪಿ ಬಾಕಿ ಉಳಿಸಿದ ಮೆಹರಿನ ಹಣವನ್ನು ಹೆಂಡತಿ ಅವನ ಹೆಣದ ಮುಂದೆ ಮಾಫ್ ಮಾಡುವುದು ನಿಮ್ಮ ರೂಢಿ. ಹಾಗೆ ಅಂದರೆ ಹೋದವನ ಭಾರ ಇಳಿಯುತ್ತದಂತೆ. ಹಿರಿಯ ಹೆಂಗಸರು ಅವಳನ್ನು ಮುಂದಕ್ಕೆ ತಂದರು. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಎಲ್ಲರೆದುರು ಹೇಳಿದಳು, "ಮಾಫ್ ಮಾಡಂಗಿಲ್ಲ. ಬ್ಯಾಡ ಅಂದ್ರೂ ಹೋದ್ರಲ್ಲ, ನಮ್ಮ ನೆನಪಾಗ್ಲಿಲ್ಲೇನು?"

ನನ್ನ ಒಂದು ಮಾತು ಸಾಕಿತ್ತು, ಬಾಬು. ನಾನು ನೆಲ ನೋಡುತ್ತ ನಿಂತಿದ್ದೆ.

ನಿನ್ನ ಮಷೀನನ್ನೇ ತುಳಿದು ಅವಳು ಮಗಳನ್ನು ಸಾಕಿದಳು, ಸೊರಬಕ್ಕೆ ಕೊಟ್ಟು ಮದುವೆ ಮಾಡಿದಳು. ಪ್ರತಿ ಹಬ್ಬಕ್ಕೂ ನನ್ನನ್ನು ಅಣ್ಣನೆಂದು ಕರೆದು ಕೂರಿಸುತ್ತಿದ್ದಳು, ನಾನೂ ಹೋಗಿ ಕೂರುತ್ತಿದ್ದೆ. ಹೇಳಬೇಕೆಂದು ಎಷ್ಟು ಸಲ — ಇಲ್ಲ, ಅದೂ ಸುಳ್ಳು. ಹೇಳಬೇಕೆಂದು ನಾನು ಹೋದದ್ದೇ ಇಲ್ಲ.

ಕಳೆದ ತಿಂಗಳು ಫಾತಿಮಾನೂ ಹೋದಳು. ಕೊನೆಯ ದಿನ ಮಗಳು ಅಂಗಲಾಚಿದಳು, ಈಗಲಾದರೂ ಅಬ್ಬಾನನ್ನು ಮಾಫ್ ಮಾಡಮ್ಮ ಎಂದು. ಅವಳು ಗೋಡೆಯ ಕಡೆ ಹೊರಳಿದಳು. ನಾನು ಬಾಗಿಲಲ್ಲೇ ನಿಂತಿದ್ದೆ — ಆಗಲೂ ಬಾಯಿ ಬಿಡಲಿಲ್ಲ.

ಮಗಳಿಗೆ ಹೇಳುತ್ತೇನೆ. ಅವಳು ನನ್ನನ್ನು ಹೊಸಿಲಿನಿಂದಾಚೆ ಹಾಕಲಿ. ಅದರಿಂದ ನಿನಗೇನೂ ಸಿಗುವುದಿಲ್ಲ ಬಾಬು. ಮಾಫ್ ಮಾಡಬೇಕಾದವಳು ನಿನ್ನ ಮೇಲಿನ ಸಿಟ್ಟಿನಲ್ಲೇ ಮಣ್ಣಾದಳು.