ಎಡಗಡೆಯ ಸೀಟು

ಹೊಸ ಕಾರಿನಲ್ಲಿ ಒಂದು ಸುತ್ತು ಕರೆದುಕೊಂಡು ಹೋಗೆಂದು ಪೀಡಿಸುತ್ತಿದ್ದ ಗೆಳೆಯರೇ, ಇವತ್ತು ನಡೆದದ್ದನ್ನು ಬರೆದು ಕ್ಲಬ್ಬಿನ ನೋಟೀಸ್ ಬೋರ್ಡಿಗೆ ಅಂಟಿಸುತ್ತಿದ್ದೇನೆ.

ಹೋದ ವರ್ಷ ತೀರಿಕೊಂಡ ಬಿಳಿ ದೊರೆಯ ಎರಡು ಸೀಟಿನ ಓಪನ್ ಕಾರನ್ನು ಇಪ್ಪತ್ತೊಂದು ವಯಸ್ಸಿನ ಹುಮ್ಮಸ್ಸಿನಲ್ಲಿ ಕೊಂಡೆನಲ್ಲ, ಅದು ಬೆಳಿಗ್ಗೆ ಶ್ರೀಮಂಗಲದ ಅವರದೇ ಎಸ್ಟೇಟಿನ ಏರಿನಲ್ಲಿ ನಿಂತುಬಿಟ್ಟಿತು. ಈ ವಾರ ಇದು ಮೂರನೆಯ ಸಲ, ಮೂರು ಸಲವೂ ಅದೇ ತಿರುವು. ಇಳಿದು ಬಾನೆಟ್ ತೆರೆದು ಇಣುಕುವಷ್ಟರಲ್ಲಿ ಮಳೆಯೊಂದು ಬಂದು ಹೋಯಿತು.

ಎಸ್ಟೇಟಿನ ಲೆಕ್ಕ ಬರೆಯುವ ಹಳೆಯ ರೈಟರ್ ಸುಬ್ಬಯ್ಯನವರು ಬಂದರು. ನನ್ನತ್ತ ನೋಡಲಿಲ್ಲ. ಎಡಗಡೆಯ ಬಾಗಿಲು ತೆರೆದು, ಯಾರೋ ವಯಸ್ಸಾದವರು ಇಳಿಯುವಷ್ಟು ಹೊತ್ತು ತಲೆ ತಗ್ಗಿಸಿ ನಿಂತು, ಬಾಗಿಲು ಮುಚ್ಚಿದರು.

“ಎಂತ ಮಾಡ್ತಿದ್ದೀರಿ?” ಎಂದೆ.

“ದೊರೆಯ ಗೋರಿ ಆ ಹಲಸಿನ ಮರದ ಬುಡದಲ್ಲಿ ಉಂಟಲ್ಲ. ಲೈನಿನ ಕೂಲಿಯವ್ರೆಲ್ಲ ಅಲ್ಲಿ ಚುಟ್ಟ, ಬ್ರಾಂಡಿ ಇಟ್ಟೇ ಏನಾದ್ರೂ ಶುರು ಮಾಡೋದು. ಕಾರು ತಕೊಂಡ ನೀವು ಇಡ್ಲಿಲ್ಲ, ಕೇಳ್ಲಿಲ್ಲ. ಸ್ಟೇರಿಂಗ್ ನೀವು ಹಿಡ್ಕೊಂಡ್ರಿ. ಪಾಪ, ಅವ್ರು ಎಡಕ್ಕೆ ಸರಿದು ಕೂತಿದ್ರು.”

ನಕ್ಕುಬಿಟ್ಟೆ. ಹತ್ತಲು ಹೋದಾಗ ಕಂಡಿತು, ನನ್ನ ಸೀಟು ಪೂರ್ತಿ ತೊಯ್ದಿತ್ತು. ಎಡಗಡೆಯದು ಒಣಗಿಯೇ ಇತ್ತು. ಕೈಯಿಟ್ಟು ನೋಡಿದೆ, ಬೆಚ್ಚಗಿತ್ತು. ಕಾರು ಈಗ ಒಂದೇ ಸಲಕ್ಕೆ ಶುರುವಾಯಿತು.

“ಬರುವಾಗ ಇಲ್ಲೇ ನಿಲ್ಸಿ ದೊರೆಯನ್ನ ಹತ್ತಿಸ್ಕೊಳ್ಳಿ,” ಎಂದರು ರೈಟರ್.

ಬರುವಾಗ ನಿಲ್ಲಿಸಬಾರದೆಂದೇ ಜೋರಾಗಿ ಬಂದೆ. ಆ ತಿರುವಿನಲ್ಲಿ ಕಾರು ತಾನಾಗಿ ನಿಂತಿತು, ತುಸು ಹೊತ್ತಿಗೆ ತಾನಾಗಿ ಹೊರಟಿತು.

ಆದ್ದರಿಂದ ಸವಾರಿ ಕೇಳಬೇಡಿ. ಎಡಗಡೆಯ ಸೀಟು ಭರ್ತಿಯಾಗಿದೆ. ನಾನು ಗೇರು ತಪ್ಪಾಗಿ ಹಾಕಿದಾಗಲೆಲ್ಲ ಅಲ್ಲಿಂದ ಒಂದು ಕೆಮ್ಮು ಕೇಳಿಸುತ್ತದೆ.